ಹಳೇ ರೇಷ್ಮೆ ಸೀರೆಗೆ ಆಯಸ್ಸು ಎಷ್ಟಿದೆ?

ಜರಿ ನೋಡಿ ಬೆಲೆ ಕಟ್ಟುವವರಿದ್ದಾರೆ, ಬಣ್ಣ ನೋಡಿ ಮರುಳಾಗುವವರಿದ್ದಾರೆ. ಉಡಲೆಂದು ಕೊಳ್ಳುವವರು ಮಾತ್ರ ಮೊದಲು ಮಡಿಕೆ ಬಿಚ್ಚಿ ನೋಡಬೇಕು.

ಹಳೆಯ ರೇಷ್ಮೆ ಸೀರೆಯೊಂದನ್ನು ಮೂವರ ಮುಂದೆ ಹರಡಿದರೆ ಮೂರು ಬೆಲೆ ಹುಟ್ಟುತ್ತದೆ. ‘ಹಳೇ ರೇಷ್ಮೆ ಸೀರೆ ಕೊಳ್ತೀವಿ’ ಎಂದು ಬೀದಿಯಲ್ಲಿ ಕೂಗುತ್ತ ಬರುವ ವ್ಯಾಪಾರಿಗೆ ಅದು ಸುಟ್ಟ ಮೇಲೆ ಉಳಿಯುವ ಬೆಳ್ಳಿ. ಅಂಚನ್ನು ಉಗುರಿನಿಂದ ಕೆರೆದು, ಸೀರೆಯನ್ನು ಕೈಯಲ್ಲೇ ತೂಗಿ ಅವನು ಲೆಕ್ಕ ಹಾಕುತ್ತಾನೆ. ಮೈ ಚಿಂದಿಯಾಗಿದ್ದರೂ ಅವನಿಗೆ ನಷ್ಟವಿಲ್ಲ. ಸಂಗ್ರಾಹಕನಿಗೆ ಅದು ಈಗ ಯಾರೂ ನೇಯದ ಒಂದು ಅಂಚು, ಮತ್ತೆ ಸಿಗದ ಒಂದು ಬಣ್ಣ. ಒಂದು ಗಜ ಚೆನ್ನಾಗಿ ಉಳಿದಿದ್ದರೂ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಬಹುದು. ಮೂರನೆಯವರು ಉಡಲೆಂದು ಕೊಳ್ಳುವವರು. ಈ ಸೀರೆಯನ್ನು ಇನ್ನೆಷ್ಟು ಸಲ ಉಡಬಹುದು ಎಂಬುದೊಂದೇ ಅವರ ಪ್ರಶ್ನೆ. ಆದರೆ ಇಂದು ಹಳೇ ಸೀರೆಗಳ ಅಂಗಡಿಯಲ್ಲಾಗಲಿ, ಪ್ರದರ್ಶನ ಮಾರಾಟದಲ್ಲಾಗಲಿ, ಮೊಬೈಲ್ ಪರದೆಯ ಮೇಲಾಗಲಿ ಬೆಲೆ ನಿಗದಿಯಾಗುವುದು ಮೊದಲ ಇಬ್ಬರ ಕಣ್ಣಳತೆಯಲ್ಲಿ. ‘ಅಸಲಿ ಜರಿ’, ‘ಅಜ್ಜಿಯ ಕಾಲದ್ದು’, ‘ಇಂಥದ್ದು ಈಗ ಸಿಗೋಲ್ಲ’ ಎಂಬ ಮಾತುಗಳೆಲ್ಲ ನಿಜವೇ ಇರಬಹುದು. ನೂಲು ಬದುಕಿದೆಯೇ ಎಂಬುದಕ್ಕೆ ಅವುಗಳಲ್ಲಿ ಒಂದೂ ಉತ್ತರ ಕೊಡುವುದಿಲ್ಲ.

ಆ ಉತ್ತರ ಹುಡುಕಲು ಒಂದು ಸರಳ ವಿಂಗಡಣೆ ಸಾಕು. ಹಳೇ ಬಟ್ಟೆಯ ಕೆಲವು ದೋಷಗಳು ನೂಲಿನ ಮೇಲೆ ಕೂತಿರುತ್ತವೆ, ಇನ್ನು ಕೆಲವು ನೂಲಿನೊಳಕ್ಕೆ ಇಳಿದಿರುತ್ತವೆ. ಧೂಳು, ಕಪಾಟಿನ ಮುಗ್ಗಲು ವಾಸನೆ, ನುಸಿ ಗುಳಿಗೆಯ ಘಾಟು, ಸುಕ್ಕು, ಕಪ್ಪಾದ ಜರಿ ಇವೆಲ್ಲ ಮೇಲೆ ಕೂತವು. ಗಾಳಿಗೆ ಹರವಿ, ಡ್ರೈಕ್ಲೀನಿಂಗ್‌ಗೆ ಕೊಟ್ಟು, ತಾಳ್ಮೆಯಿಂದ ಕಳೆಯಬಹುದು. ಬೆವರು, ಬಿಸಿಲು, ಬಣ್ಣದೊಳಗಿನ ರಾಸಾಯನಿಕ, ವರ್ಷಾನುಗಟ್ಟಲೆ ಒಂದೇ ಕಡೆ ಬಿದ್ದ ಮಡಿಕೆ ಮಾಡುವ ಹಾನಿ ಬೇರೆ ಬಗೆಯದು. ರೇಷ್ಮೆ ಎಂದರೆ ಹುಳು ನೂತ ಪ್ರೋಟೀನಿನ ಎಳೆ. ಬೆಳಕು ಮತ್ತು ಬೆವರಿನ ಉಪ್ಪು ಆ ಪ್ರೋಟೀನಿನ ಸರಪಳಿಯನ್ನೇ ಕಡಿಯುತ್ತವೆ, ಕಡಿದದ್ದನ್ನು ಯಾವ ತೊಳೆತವೂ ಕೂಡಿಸಲಾರದು. ಜಗತ್ತಿನ ವಸ್ತ್ರ ಸಂಗ್ರಹಾಲಯಗಳು ತಮ್ಮ ಹಳೆಯ ಬಟ್ಟೆಗಳನ್ನು ಸುಮಾರು 50 ಲಕ್ಸ್‌ನ ಮಂದ ಬೆಳಕಿನಲ್ಲಿಡುವುದು ಈ ಕಾರಣಕ್ಕೆ. ಬರೀ ನೋಡಲೆಂದು ಇಟ್ಟ ಬಟ್ಟೆಗೇ ಇಷ್ಟು ಜೋಪಾನ ಬೇಕಿದ್ದರೆ, ಉಟ್ಟು ಓಡಾಡಲು ಕೊಳ್ಳುವ ಬಟ್ಟೆಯನ್ನು ಎಷ್ಟು ಪರೀಕ್ಷಿಸಬೇಕು!

ಮಡಿಕೆ ಮತ್ತು ಹೊಳಪು

ಪರೀಕ್ಷೆ ಶುರುವಾಗಬೇಕಾದ್ದು ಮಡಿಕೆಯಿಂದ. ಮದುವೆಗೋ ಸೀಮಂತಕ್ಕೋ ಉಟ್ಟ ಸೀರೆ ಪೆಟ್ಟಿಗೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಅದೇ ಮಡಿಕೆಯಲ್ಲಿ ಮಲಗಿರುತ್ತದೆ. ಬಾಗಿದ ಜಾಗದಲ್ಲಿ ಎಳೆ ಸದಾ ಬಿಗಿತದಲ್ಲಿರುತ್ತದೆ, ಮೇಲಿನ ಪದರಗಳ ಭಾರವೂ ಅಲ್ಲೇ ಬೀಳುತ್ತದೆ. ಜರಿಯಿರುವ ಕಡೆ ಕಷ್ಟ ಇಮ್ಮಡಿ: ಜರಿ ಎಂಬುದು ನೂಲಿಗೆ ಸುತ್ತಿದ ಲೋಹದ ತೆಳು ಪಟ್ಟಿ; ತಂತಿಯನ್ನು ಒಂದೇ ಕಡೆ ಬಗ್ಗಿಸುತ್ತಿದ್ದರೆ ಮುರಿಯುವಂತೆ ಅದೂ ಮುರಿಯುತ್ತದೆ, ಮುರಿದ ಚೂಪು ತುದಿ ಪಕ್ಕದ ರೇಷ್ಮೆಯನ್ನು ಕೊಯ್ಯುತ್ತದೆ. ಆದ್ದರಿಂದ ಸೀರೆಯನ್ನು ಪೂರ್ತಿ ಬಿಚ್ಚಿ, ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು, ಮಡಿಕೆಯ ಗೆರೆಗಳನ್ನೇ ಹಿಂಬಾಲಿಸಿ ನೋಡಬೇಕು. ಅಲ್ಲಲ್ಲಿ ಒಂದೊಂದು ತೂತಿದ್ದರೆ ಅದು ಹುಳುವಿನದ್ದೋ ಪಿನ್ನಿನದ್ದೋ ಇರಬಹುದು, ರಫೂ ಮಾಡಿಸಿದರೆ ಮುಗಿಯಿತು. ಗೆರೆಯುದ್ದಕ್ಕೂ ಕೂದಲೆಳೆಯಂಥ ಬೆಳಕಿನ ಸೀಳುಗಳು ಸಾಲಾಗಿ ಕಂಡರೆ ಅಲ್ಲಿ ನೂಲೇ ಸತ್ತಿದೆ; ರಫೂ ಹಾಕಿದ ಮರುದಿನ ಪಕ್ಕದಲ್ಲಿ ಇನ್ನೊಂದು ಸೀಳು ತೆರೆದುಕೊಳ್ಳುತ್ತದೆ. ಕಣ್ಣಿನ ನಂತರ ಕೈ. ಬಟ್ಟೆಯ ಒಂದು ಭಾಗವನ್ನು ಅಂಗೈಯಲ್ಲಿ ಮೆಲ್ಲನೆ ಮುದುಡಿ ಬಿಟ್ಟರೆ ಜೀವವಿರುವ ರೇಷ್ಮೆ ಅರಳಿಕೊಳ್ಳುತ್ತದೆ. ಜೀವ ಹೋದದ್ದು ಒಣ ಎಲೆಯಂತೆ ಪರಪರ ಎನ್ನುತ್ತದೆ, ಮುದುಡಿದ ಹಾಗೇ ಉಳಿಯುತ್ತದೆ. ಹಾಸಿನ ದಿಕ್ಕಿಗೊಮ್ಮೆ, ಹೊಕ್ಕಿನ ದಿಕ್ಕಿಗೊಮ್ಮೆ ಎರಡು ಬೆರಳಲ್ಲಿ ಹಿಡಿದು ಹಗುರವಾಗಿ ಎಳೆದರೆ ಸಾಕು. ಜಗ್ಗಿ ನೋಡುವುದು ಪರೀಕ್ಷೆಯಲ್ಲ. ಗಟ್ಟಿ ಬಟ್ಟೆಗೂ ಅದರಿಂದ ಪೆಟ್ಟು.

ಈ ಪರೀಕ್ಷೆಗೆ ಅಡ್ಡ ಬರುವುದು ಹೊಳಪು. ಹಳೇ ಸೀರೆಗಳನ್ನು ಮಾರಾಟಕ್ಕಿಡುವ ಮುನ್ನ ಪಾಲಿಶ್ ಮಾಡಿಸುವ ರೂಢಿಯಿದೆ. ಅಂಟು ಅಥವಾ ಗಂಜಿಯಂಥ ದ್ರಾವಣ ಸವರಿ, ರೋಲರ್ ನಡುವೆ ಬಿಸಿಯಾಗಿ ಹಾಯಿಸಿದರೆ ಸೊರಗಿದ ಸೀರೆ ಹೊಸದರಂತೆ ನಿಗುರಿ ನಿಲ್ಲುತ್ತದೆ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ಮನೆಯವರೂ ತಮ್ಮ ಸೀರೆಗೆ ಮಾಡಿಸುತ್ತಾರೆ. ಆದರೆ ಆ ಬಿಗಿತ ಬಂದದ್ದು ಗಂಜಿಯಿಂದ, ನೂಲಿನಿಂದಲ್ಲ. ಸಡಿಲವಾದ ಎಳೆಗಳನ್ನು ಅದು ತಾತ್ಕಾಲಿಕವಾಗಿ ಅಂಟಿಸಿ ಸೀಳನ್ನು ಮರೆಸುತ್ತದೆ, ಸಾಲದ್ದಕ್ಕೆ ಜಿರಲೆಯನ್ನೂ ಕರೆಯುತ್ತದೆ. ತೂಕವೂ ಹೀಗೇ ದಾರಿ ತಪ್ಪಿಸಬಹುದು. ಹಸಿ ರೇಷ್ಮೆಯನ್ನು ಬೇಯಿಸಿ ಅಂಟು ತೆಗೆದಾಗ ಅದರ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಗುತ್ತದೆ. ಆ ನಷ್ಟ ತುಂಬಲು 19ನೇ ಶತಮಾನದ ಕೊನೆಯಲ್ಲಿ ಮತ್ತು 20ನೇ ಶತಮಾನದ ಆರಂಭದಲ್ಲಿ ಯುರೋಪ್, ಅಮೆರಿಕದ ಕಾರ್ಖಾನೆಗಳು ರೇಷ್ಮೆಗೆ ತವರದ ಲವಣ ಕುಡಿಸಿದವು. ಬಟ್ಟೆ ಭಾರವಾಯಿತು, ನೆರಿಗೆ ಚೆನ್ನಾಗಿ ಬಿತ್ತು, ಗಿರಾಕಿಗೆ ‘ದಪ್ಪ ರೇಷ್ಮೆ’ ಸಿಕ್ಕಿತು. ಆ ಕಾಲದ ಗೌನುಗಳು ಈಗ ಸಂಗ್ರಹಾಲಯಗಳಲ್ಲಿ ಯಾರೂ ಮುಟ್ಟದೆಯೂ ಪಟ್ಟಿಪಟ್ಟಿಯಾಗಿ ಸೀಳುತ್ತಿವೆ. ‘ಕೈಗೆ ಭಾರವಾಗಿದ್ದರೆ ಒಳ್ಳೇ ರೇಷ್ಮೆ’ ಎಂಬ ನಮ್ಮ ಮನೆಮಾತನ್ನು ಈ ಉದಾಹರಣೆಯ ಎದುರು ಒಮ್ಮೆ ತೂಗಿ ನೋಡಬೇಕು.

ಜರಿ ಎಷ್ಟರ ಸಾಕ್ಷಿ?

ಜರಿಯ ಬಗ್ಗೆಯೂ ಇದೇ ವಿಂಗಡಣೆ ನಡೆಯುತ್ತದೆ. ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಬೆಳ್ಳಿಯ ಚಪ್ಪಟೆ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಹೇಳುತ್ತದೆ. ಅಗ್ಗದ ಜರಿಯಲ್ಲಿ ಬೆಳ್ಳಿಯ ಬದಲು ತಾಮ್ರ. ಇನ್ನೂ ಅಗ್ಗದ್ದರಲ್ಲಿ ಲೋಹದ ಬಣ್ಣ ಹೊತ್ತ ಪ್ಲಾಸ್ಟಿಕ್ ಪಟ್ಟಿ. ಬೆಳ್ಳಿ ಗಾಳಿಯಲ್ಲಿನ ಗಂಧಕದ ಅಂಶಕ್ಕೆ ಕಪ್ಪಾಗುತ್ತದೆ, ತಾಮ್ರ ಕೆಂಪಾಗಿ, ಕೊನೆಗೆ ಹಸಿರಾಗಿ ಕಿಲುಬುತ್ತದೆ, ಪ್ಲಾಸ್ಟಿಕ್ ಸಿಪ್ಪೆಯೇಳುತ್ತದೆ. ಹಾಗಾಗಿ ಸಮನಾಗಿ ಕಪ್ಪಾದ ಜರಿ ಕಂಡು ಹಿಂಜರಿಯಬೇಕಿಲ್ಲ. ಎಷ್ಟೋ ಸಲ ಅದು ಬೆಳ್ಳಿ ಇರುವುದರ ಗುರುತು. ಅಂಜಬೇಕಾದ್ದು ತಂತಿ ಉದುರಿ ಒಳಗಿನ ಎಳೆ ಬತ್ತಲಾದ ಜರಿಗೆ. ಆ ಎಳೆ ಹಲವು ಸಲ ಕೆಂಪು ಬಣ್ಣದ್ದಿರುವುದರಿಂದ ಅಂಚು ದೂರಕ್ಕೆ ಕೆಂಪು ಹೊಡೆದಂತೆ ಕಾಣುತ್ತದೆ. ಅದನ್ನು ಯಾವ ಪಾಲಿಶ್ ಕೂಡ ಮರಳಿ ಹೊನ್ನಾಗಿಸದು. ಇನ್ನು ಗುರುತುಪಟ್ಟಿಗಳ ವಿಷಯ. ಶುದ್ಧ ರೇಷ್ಮೆಯ ಸಿಲ್ಕ್ ಮಾರ್ಕ್ ಚೀಟಿ ಬಂದದ್ದೇ 2004ರಲ್ಲಿ, ಅದೂ ಖಾತ್ರಿ ಕೊಡುವುದು ರೇಷ್ಮೆಗೆ, ಜರಿಗಲ್ಲ. ಮೈಸೂರು ರೇಷ್ಮೆಗೆ ಭೌಗೋಳಿಕ ಗುರುತು ಸಿಕ್ಕಿದ್ದು 2005ರ ಸುಮಾರಿಗೆ. ಅದಕ್ಕೂ ಹಿಂದಿನ ಸೀರೆಯಲ್ಲಿ ಇವನ್ನು ಹುಡುಕಿ ಫಲವಿಲ್ಲ, ಇಲ್ಲವೆಂದು ಸಂಶಯಪಡುವುದರಲ್ಲೂ ಅರ್ಥವಿಲ್ಲ. ಸೀರೆಯ ಕೊನೆಯಲ್ಲಿ ಜೋತ ಒಂದು ಎಳೆಯನ್ನು ಮಾರುವವರ ಒಪ್ಪಿಗೆ ಪಡೆದು ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆಯೇ, ಕಾಗದ ಸುಟ್ಟಂತಾಗುತ್ತದೆಯೇ, ಕರಗಿ ಮಣಿಯಾಗುತ್ತದೆಯೇ ಎಂದು ತಿಳಿದೀತು. ಮೊದಲನೆಯದು ರೇಷ್ಮೆ, ಎರಡನೆಯದು ಹತ್ತಿ ಅಥವಾ ರೇಯಾನ್, ಮೂರನೆಯದು ಪಾಲಿಯೆಸ್ಟರ್.

ದೋಷ ಯಾವ ಬಗೆಯದು ಎಂದು ಗೊತ್ತಾದ ಮೇಲೆ ಅದು ಎಲ್ಲಿದೆ ಎಂದು ನೋಡಬೇಕು, ಏಕೆಂದರೆ ಉಟ್ಟ ಸೀರೆಯ ಎಲ್ಲ ಭಾಗಕ್ಕೂ ಒಂದೇ ಭಾರ ಬೀಳುವುದಿಲ್ಲ. ಸೊಂಟಕ್ಕೆ ಸಿಕ್ಕಿಸುವ ಮೇಲಂಚು ದಿನವಿಡೀ ಎಳೆತ ತಿನ್ನುತ್ತದೆ, ಬೆವರನ್ನೂ ಕುಡಿಯುತ್ತದೆ. ಹಿಂಭಾಗದಲ್ಲಿ ಕೂತೆದ್ದಾಗಲೆಲ್ಲ ಬಟ್ಟೆ ಬಿಗಿಯುತ್ತದೆ. ಭುಜದ ಮೇಲೆ ಪಿನ್ನು ಚುಚ್ಚಿದ ಜಾಗಕ್ಕೆ ಇಡೀ ಸೆರಗಿನ ತೂಕ ಜೋತುಬೀಳುತ್ತದೆ. ಕೆಳಗಿನ ಅಂಚು ಹಿಮ್ಮಡಿಗೆ, ನೆಲಕ್ಕೆ ಉಜ್ಜುತ್ತದೆ. ಅದೇ ಹೊತ್ತಿಗೆ ಉಡುವಾಗ ಮೊದಲ ಸುತ್ತಿನಲ್ಲಿ ಒಳಗೆ ಹೋಗುವ ಒಂದು ಗಜ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿನ ಕಲೆ ಚೌಕಾಸಿಗೆ ಒಂದು ನೆಪ ಅಷ್ಟೆ. ಫಾಲ್ ಹಚ್ಚಿದ್ದರೆ ಅದರ ಮೂಲೆ ಸರಿಸಿ ಒಳಗೆ ನೋಡಬೇಕು. ಬೆಳಕು ಕಾಣದ ಆ ಪಟ್ಟಿಯಲ್ಲಿ ಸೀರೆಯ ಮೂಲ ಬಣ್ಣ ಉಳಿದಿರುತ್ತದೆ, ಹೊರಗೆ ಎಷ್ಟು ಮಾಸಿದೆ ಎಂದು ಅದರೊಡನೆ ಹೋಲಿಸಿ ತಿಳಿಯಬಹುದು. ಹತ್ತಿಯ ಫಾಲ್ ಕುಗ್ಗಿ ಅಂಚು ಸುಕ್ಕುಗಟ್ಟಿದ್ದರೆ ಭಯವಿಲ್ಲ, ಬಿಚ್ಚಿ ಹೊಸದು ಹಚ್ಚಿದರಾಯಿತು. ಅಂಚು ಮೈಗೆ ಕೂಡುವ ಗೆರೆಯನ್ನು ಮಾತ್ರ ಉದ್ದಕ್ಕೂ ಬೆರಳಾಡಿಸಿ ನೋಡಬೇಕು. ಜರಿ ತುಂಬಿದ ಭಾರದ ಅಂಚು ತೆಳು ಮೈಯನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಸೀರೆ ಬಿಟ್ಟುಕೊಳ್ಳುವುದು ಅಲ್ಲಿಂದ.

ಪ್ರತಿ ನೇಯ್ಗೆಗೂ ಅದರದೇ ದುರ್ಬಲ ಜಾಗ ಇರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯ ಹೆಸರು ಮನೆಮಾತಾದದ್ದು ಕ್ರೇಪ್ ರೇಷ್ಮೆಯಿಂದ. ಬಲವಾಗಿ ಹುರಿ ಹಾಕಿದ ನೂಲಿನಿಂದ ನೇಯ್ದ ಈ ಬಟ್ಟೆ ಸುಕ್ಕನ್ನು ಸಹಿಸುತ್ತದೆ, ಆದರೆ ನೀರು ತಾಗಿದರೆ ಹುರಿ ಬಿಗಿದು ಕುಗ್ಗುತ್ತದೆ. ಜರಿ ಕುಗ್ಗುವುದಿಲ್ಲ. ಮೈ ಒಳಸರಿದು ಅಂಚು ಅಲೆಅಲೆಯಾಗಿದ್ದರೆ ಯಾರೋ ಅದನ್ನು ಮನೆಯಲ್ಲಿ ಒಗೆದಿದ್ದಾರೆ ಎಂದರ್ಥ. ಅಂಥ ಸೀರೆಯ ಅಗಲವನ್ನು ಅಳೆಯದೆ ಕೊಳ್ಳಬಾರದು. ಇಳಕಲ್ ಸೀರೆಯಲ್ಲಿ ಕಣ್ಣಿಡಬೇಕಾದ್ದು ಸೆರಗು ಮೈಗೆ ಕೂಡುವ ಕಡೆ. ಸೆರಗಿನ ಹಾಸನ್ನು ಮೈಯ ಹಾಸಿಗೆ ಕುಣಿಕೆ ಹಾಕಿ ಜೋಡಿಸುವ ‘ಕೊಂಡಿ’ ಅದರ ವೈಶಿಷ್ಟ್ಯ. ಬಹಳಷ್ಟು ಇಳಕಲ್ ಸೀರೆಗಳಲ್ಲಿ ಮೈ ಹತ್ತಿಯದು, ‘ಟೋಪ್ ತೆನಿ’ ಎಂದು ಕರೆಯುವ ಸೆರಗು ರೇಯಾನಿನದು. ಹತ್ತಿ ಒದ್ದೆಯಾದರೆ ಗಟ್ಟಿಯಾಗುತ್ತದೆ, ರೇಯಾನ್ ಒದ್ದೆಯಾದಾಗ ತನ್ನ ಬಲದಲ್ಲಿ ಸುಮಾರು ಅರ್ಧ ಕಳೆದುಕೊಳ್ಳುತ್ತದೆ. ಕಲ್ಲಿನ ಮೇಲೆ ಒಗೆತ ಕಂಡ ಸೀರೆಯಲ್ಲಿ ಮೈ ನೆಟ್ಟಗಿದ್ದು ಸೆರಗು ಮಾತ್ರ ಜಾಳಾಗಿರುವುದಕ್ಕೆ ಕಾರಣ ಇದು. ಇನ್ನು ಕಪ್ಪು. ಕಬ್ಬಿಣದ ರಸಕ್ಕೆ ಅಳಲೆಕಾಯಿಯಂಥ ಒಗರು ಕೂಡಿಸಿ ಕಟ್ಟಿದ ಹಳೆಯ ಕಪ್ಪು ಬಣ್ಣ ಕಾಲಕ್ರಮದಲ್ಲಿ ತಾನು ಕೂತ ನೂಲನ್ನೇ ತಿನ್ನುತ್ತದೆ. ಹಳೆಯ ಬಟ್ಟೆಯಲ್ಲಿ ಬೇರೆ ಬಣ್ಣದ ಭಾಗಗಳೆಲ್ಲ ಗಟ್ಟಿಯಿದ್ದು ಕಪ್ಪು ಗೆರೆಗಳಷ್ಟೇ ಉದುರಿಹೋಗಿರುವುದು ಸಂಗ್ರಹಾಲಯದವರಿಗೆ ಚಿರಪರಿಚಿತ ದೃಶ್ಯ.

ಅಳತೆ ಇಲ್ಲದ ಬಟ್ಟೆಯೆಂಬ ಭ್ರಮೆ

ಸೀರೆ ಯಾರಿಗಾದರೂ ಒಪ್ಪುತ್ತದೆ, ಅಳತೆಯ ಗೊಡವೆಯಿಲ್ಲ ಎನ್ನುತ್ತೇವೆ. ಹೊಸ ಸೀರೆಗಳ ಉದ್ದಗಲ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಬಂದ ನಂಬಿಕೆ ಇದು. ಹಳೆಯ ಸೀರೆಗೆ ಅನ್ವಯಿಸುವುದಿಲ್ಲ. ಮಗ್ಗದಿಂದ ಮಗ್ಗಕ್ಕೆ ಪನ್ನ, ಅಂದರೆ ಅಗಲ, ಬದಲಾಗುತ್ತಿತ್ತು. ಮೇಲಾಗಿ ಹರಿದ ಕೆಳಂಚನ್ನು ಮಡಿಸಿ ಹೊಲಿದು, ನಾರುನಾರಾದ ಸೆರಗಿನ ತುದಿ ಕತ್ತರಿಸಿ ಬಳಸಿದ ಸೀರೆಗಳು ಧಾರಾಳ. ಆದ್ದರಿಂದ ಟೇಪು ಹಿಡಿಯಬೇಕು. ಸೊಂಟದಿಂದ ನೆಲದವರೆಗಿನ ಅಳತೆಗೆ ಒಳಗೆ ಸಿಕ್ಕಿಸಲು ಮೂರು ನಾಲ್ಕು ಇಂಚು, ಎತ್ತರದ ಚಪ್ಪಲಿ ಹಾಕುವವರಾದರೆ ಅದರದ್ದೂ ಸೇರಿಸಿದರೆ ಬೇಕಾದ ಪನ್ನ ಸಿಗುತ್ತದೆ. ನಲವತ್ತು ಇಂಚು ಇರುವವರಿಗೆ ನಲವತ್ತೆರಡರ ಪನ್ನದ ಸೀರೆ ಎಷ್ಟೇ ಚಂದವಿದ್ದರೂ ಕಣಕಾಲು ಬಿಟ್ಟು ನಿಲ್ಲುತ್ತದೆ. ಉದ್ದದಲ್ಲಿ ಆರು ಗಜ ಎಂದರೆ ಐದೂವರೆ ಮೀಟರ್. ಹಳೆಯ ಸೀರೆಗೆ ರವಿಕೆ ಕಣ ಕೂಡಿಯೇ ಬಂದಿರಬೇಕೆಂದಿಲ್ಲ. ಹದಿನೆಂಟು ಮೊಳದ ಕಚ್ಚೆ ಸೀರೆಯದು ಬೇರೆ ಲೆಕ್ಕ. ಮೊಳಕ್ಕೆ ಹದಿನೆಂಟು ಇಂಚು ಹಿಡಿದರೆ ಅದು ಸರಿಯಾಗಿ ಒಂಬತ್ತು ಗಜ. ಕಚ್ಚೆ ಕಟ್ಟುವಾಗ ಬಟ್ಟೆ ಕಾಲುಗಳ ನಡುವೆ ಹಾದು ಹಿಂದಕ್ಕೆ ಬಿಗಿಯುವುದರಿಂದ ಸವೆತ ಬೀಳುವ ಜಾಗವೂ ಬೇರೆ. ಆರು ಗಜವಾಗಿ ಉಡುವ ಆಲೋಚನೆಯಿದ್ದವರು ಸೆರಗಿನ ತುದಿಯಿಂದ ಆರು ಗಜ ಎಣಿಸಿ ಆ ಭಾಗ ಗಟ್ಟಿಯಿದೆಯೇ ಎಂದಷ್ಟೇ ನೋಡಿದರೆ ಸಾಕು. ಮಿಕ್ಕದ್ದರಲ್ಲಿ ರವಿಕೆ ಆದೀತು.

ಹೊಲಿದ ಹಳೇ ರವಿಕೆ ಜೊತೆಗೆ ಬಂದರೆ ಅದನ್ನು ಲಾಭವೆಂದು ಹಿಡಿಯುವ ಮುನ್ನ ಒಳಗು ಹೊರಗು ಮಾಡಿ ನೋಡಬೇಕು. ಕಂಕುಳಲ್ಲಿ ಬಣ್ಣ ಬದಲಾಗಿ ಬಟ್ಟೆ ಗಡಸಾಗಿದ್ದರೆ ಬೆವರು ತನ್ನ ಕೆಲಸ ಮುಗಿಸಿದೆ. ಪಕ್ಕದ ಹೊಲಿಗೆಯೊಳಗೆ ಟೈಲರ್ ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ಅಗಲ ಮಾಡಬಹುದು, ಆದರೆ ಒಳಗಿದ್ದ ಪಟ್ಟಿ ಮಾಸದೆ ಉಳಿದು ಹೊರಗೆ ಗಾಢ ಗೆರೆಯಾಗಿ ಕಾಣುತ್ತದೆ, ಹಳೆಯ ಸೂಜಿತೂತುಗಳೂ ರೇಷ್ಮೆಯಲ್ಲಿ ಮುಚ್ಚಿಕೊಳ್ಳುವುದಿಲ್ಲ. ಎದೆ ಸುತ್ತಳತೆ ಸರಿಹೋದರೂ ಭುಜ ಮತ್ತು ತೋಳಿನ ಸುತ್ತು ಚಿಕ್ಕದಿದ್ದರೆ ದಾರಿಯಿಲ್ಲ; ಕತ್ತರಿಸಿದ ಜಾಗಕ್ಕೆ ಬಟ್ಟೆ ಎಲ್ಲಿಂದ ಬರಬೇಕು?

ಇಷ್ಟೊಂದು ತಪಾಸಣೆ ಬೇಕೆ, ಹಳೆಯ ಬಟ್ಟೆ ಈಗಿನದಕ್ಕಿಂತ ಗಟ್ಟಿ ಎಂಬುದು ಎಲ್ಲರಿಗೂ ಗೊತ್ತಲ್ಲ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಗಟ್ಟಿ ನೂಲಿನಿಂದ, ಒತ್ತಾಗಿ ನೇಯ್ದ ಹಳೆಯ ಸೀರೆಗಳು ಖಂಡಿತ ಇವೆ. ಆದರೆ ನಮ್ಮ ಕಣ್ಣಿಗೆ ಬೀಳುವ ಹಳೇ ಸೀರೆಗಳು ಆ ಕಾಲದ ಎಲ್ಲ ಸೀರೆಗಳ ಪ್ರತಿನಿಧಿಗಳಲ್ಲ. ದಿನಬಳಕೆಯವು ಸವೆದು, ಕೌದಿಯಾಗಿ, ಮಗುವಿನ ಬಟ್ಟೆಯಾಗಿ, ಕೊನೆಗೆ ಒರೆಸುವ ಬಟ್ಟೆಯಾಗಿ ಮುಗಿದುಹೋದವು. ಉಳಿದದ್ದು ವರ್ಷಕ್ಕೊಮ್ಮೆಯೂ ಹೊರಬಾರದೆ ಪೆಟ್ಟಿಗೆಯಲ್ಲಿ ಮಲಗಿದ್ದ ಧಾರೆ ಸೀರೆ. ಅದು ಇಂದಿಗೂ ಇರುವುದು ಗಟ್ಟಿಯಿದ್ದುದರಿಂದಲೋ, ಉಡದೇ ಇದ್ದುದರಿಂದಲೋ ಎಂಬುದು ಬಿಚ್ಚಿ ನೋಡುವವರೆಗೆ ತಿಳಿಯುವುದಿಲ್ಲ. ಉಡದೆ ಇಟ್ಟದ್ದೇ ಮಡಿಕೆಯಲ್ಲಿ ಸೀಳುವುದನ್ನು ಮೇಲೆ ನೋಡಿದೆವು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಸೀರೆ ಹಾಳಾಗಿದ್ದರೇನಂತೆ, ಲಂಗ ಹೊಲಿಸಬಹುದು, ಅಂಚು ಬಿಡಿಸಿ ಬೇರೆ ಸೀರೆಗೆ ಹಚ್ಚಬಹುದು, ಉತ್ತರ ಕರ್ನಾಟಕದ ಅಜ್ಜಿಯರಂತೆ ಕೌದಿಗೆ ಹಾಕಬಹುದು, ಏನೂ ಆಗದಿದ್ದರೆ ಜರಿಯ ಬೆಳ್ಳಿಯಾದರೂ ಉಳಿಯಿತಲ್ಲ? ಎಲ್ಲವೂ ಸರಿ, ಬಟ್ಟೆಯನ್ನು ಕೊನೆಯ ಎಳೆಯವರೆಗೆ ಬಳಸುವ ಆ ವಿವೇಕವೂ ದೊಡ್ಡದು. ಆದರೆ ಕೌದಿಗೆ ಹೋಗುವ ಬಟ್ಟೆಗೆ ಕೌದಿಯ ಬೆಲೆ ಕೊಡಬೇಕು, ಬೆಳ್ಳಿಗೆಂದು ಕೊಳ್ಳುವುದಕ್ಕೆ ಬೆಳ್ಳಿಯ ಬೆಲೆ. ಉಡುವ ಸೀರೆಯ ಬೆಲೆ ತೆತ್ತು ಮನೆಗೆ ತಂದ ಮೇಲೆ ಅದು ಚಿಂದಿಯೆಂದು ಕಂಡುಕೊಳ್ಳುವುದು ಮಿತವ್ಯಯವಾಗದು. ಅದೂ ಅಲ್ಲದೆ ನೂಲೇ ಸತ್ತ ರೇಷ್ಮೆ ಲಂಗದ ಹೊಲಿಗೆಯನ್ನೂ ತಾಳುವುದಿಲ್ಲ. ಗಟ್ಟಿಯಾದ ಭಾಗಗಳನ್ನು ಆರಿಸಿ ಕತ್ತರಿಸಲಿಕ್ಕೂ ಇದೇ ಪರೀಕ್ಷೆ ಬೇಕು.

ಮಾರುವವರ ಎದುರು ಸೀರೆಯನ್ನು ಹೀಗೆ ಜಾಲಾಡುವುದು ಅವರನ್ನು ಶಂಕಿಸಿದಂತೆ ಎಂಬ ಸಂಕೋಚವೂ ಹಲವರಿಗಿದೆ, ಅದರಲ್ಲೂ ಯಾರದೋ ಮನೆಯ ನೆನಪು ಅಂಟಿಕೊಂಡ ಸೀರೆಯಾದರೆ. ಆದರೆ ಮೋಸ ಮಾಡುವ ಇರಾದೆಯಿಲ್ಲದ ಮಾರಾಟಗಾರರಿಗೂ ಮಡಿಕೆಯೊಳಗೆ ಏನಾಗಿದೆಯೆಂದು ಗೊತ್ತಿಲ್ಲದಿರಬಹುದು. ಅವರೂ ಬಿಚ್ಚದೆ ವರ್ಷಗಳಾಗಿರುತ್ತವೆ. ಇಬ್ಬರೂ ಕೂಡಿ ಬೆಳಕಿಗೆ ಹಿಡಿದು ನೋಡಿದರೆ ಬೆಲೆಯ ಮಾತು ಸುಲಭವಾಗುತ್ತದೆ. ಪರದೆಯ ಮೇಲೆ ಕೊಳ್ಳುವಾಗ ಮುಟ್ಟಿ ನೋಡುವ ಅವಕಾಶವಿಲ್ಲದ್ದರಿಂದ ಕೇಳುವ ಚಿತ್ರಗಳೇ ನಮ್ಮ ಕೈಬೆರಳಾಗಬೇಕು: ಬಿಚ್ಚಿ ಕಿಟಕಿಗೆ ಅಡ್ಡ ಹಿಡಿದ ಮಡಿಕೆಯ ಗೆರೆ, ಸೊಂಟಕ್ಕೆ ಸಿಕ್ಕಿಸುವ ಮೇಲಂಚು, ಅಂಚು ಮೈ ಕೂಡುವ ಜಾಗ, ಅಂಚಿನ ಹಿಂಬದಿ, ಸೆರಗಿನ ತುದಿ, ಪನ್ನದ ಮೇಲೆ ಹಾಸಿದ ಟೇಪು. ಜೊತೆಗೆ ಎರಡು ಪ್ರಶ್ನೆ: ಪಾಲಿಶ್ ಆಗಿದೆಯೇ, ಎಲ್ಲಾದರೂ ರಫೂ ಆಗಿದೆಯೇ?

ಇದೆಲ್ಲ ನೋಡಿದ ಮೇಲೆ ಬೆಲೆಯ ಲೆಕ್ಕ ತಾನಾಗಿ ಹೊರಡುತ್ತದೆ. ದೋಷ ನೂಲಿನ ಮೇಲಿದ್ದರೆ ಡ್ರೈಕ್ಲೀನಿಂಗ್, ಹೊಸ ಫಾಲ್, ಕುಚ್ಚಿನ ಖರ್ಚನ್ನು ಕೇಳಿದ ಬೆಲೆಯಿಂದ ಕಳೆಯಬೇಕು. ನೂಲಿನೊಳಗಿದ್ದೂ ಒಳಸುತ್ತಿನಲ್ಲಿ ಮರೆಯಾಗುವಂತಿದ್ದರೆ ಇನ್ನಷ್ಟು ಇಳಿಸಿ ಕೊಳ್ಳಬಹುದು. ಭಾರ ಬೀಳುವ ಜಾಗದಲ್ಲೇ ನೂಲು ಸತ್ತಿದ್ದರೆ ಜರಿ ಎಷ್ಟೇ ಮಿನುಗಲಿ, ಉಡುವ ಸೀರೆಯೆಂದು ಅದಕ್ಕೆ ಬೆಲೆಯಿಲ್ಲ. ಉಳಿದ ಮೊತ್ತವನ್ನು ಇನ್ನೆಷ್ಟು ಸಲ ಉಡಬಲ್ಲೆವೋ ಅದರಿಂದ ಭಾಗಿಸಿ ನೋಡಿದರೆ, ಕಪ್ಪುಗಟ್ಟಿದ ಜರಿಯ, ಫಾಲ್ ಸುಕ್ಕಾದ, ಯಾರೂ ಕಣ್ಣೆತ್ತಿ ನೋಡದ ಸೀರೆಯೇ ಎಷ್ಟೋ ಸಲ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದೂ ಒಳ್ಳೆಯದೂ ಆಗಿರುತ್ತದೆ. ಮನೆಗೆ ತಂದ ಮೇಲೆ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಎರಡು ಮೂರು ತಿಂಗಳಿಗೊಮ್ಮೆ ಗಾಳಿಗೆ ಹಾಕಿ, ಮಡಿಕೆಯ ಜಾಗ ಬದಲಿಸಿ ಇಡಬೇಕು. ಮಾರುವವರು ಸೀರೆ ಬಿಚ್ಚಿ ತೋರಿಸಲು ಒಪ್ಪದಿದ್ದರೆ ಈ ಲೆಕ್ಕಕ್ಕೆ ಬೇಕಾದ ಮೊದಲ ಅಂಕಿಯೇ ಸಿಗುವುದಿಲ್ಲ. ಅಂಥ ಸೀರೆಯನ್ನು ಮಡಿಸಿದ ಹಾಗೇ ಅಲ್ಲಿಯೇ ಬಿಟ್ಟು ಬರುವುದು ಲೇಸು.